ವಿನೋದ ಮಂದಿರದ ಕೆಂಪು ಬೆಂಚುಗಳು

ಚನ್ನಗಿರಿಯ ಬಡಗಿ ಬುಡನ್‌ಸಾಬರು ಎಲ್ಲಿಯೇ ಕೂರಲಿ, ಕೂರುವ ಮೊದಲು ಬಲಗೈ ಚಾಚಿ ಆ ಜಾಗವನ್ನು ಒಮ್ಮೆ ಒತ್ತಿ ಉಜ್ಜುತ್ತಿದ್ದರು. ಅಂಗೈಯನ್ನು ಬೆಳಕಿಗೆ ಹಿಡಿದು ದಿಟ್ಟಿಸುತ್ತಿದ್ದರು. ಕೂರುವುದು ಆಮೇಲೆ. ಬಸ್ಸಿನ ಸೀಟಾಗಲಿ, ಮಸೀದಿಯ ಕಟ್ಟೆಯಾಗಲಿ, ನೆಂಟರ ಮನೆಯ ಚಾಪೆಯಾಗಲಿ, ಈ ವಿಧಿ ಒಂದು ದಿನವೂ ತಪ್ಪುತ್ತಿರಲಿಲ್ಲ.

ಇದರ ಮಹಿಮೆ ಚನ್ನಗಿರಿಯಿಂದ ದೂರ ಹೋದಷ್ಟೂ ಬೆಳೆಯುತ್ತಿತ್ತು. ನ್ಯಾಮತಿಯವರ ಪ್ರಕಾರ ಅವರು ಹಾಗೆ ಸವರಿ, ಮೊದಲು ಅಲ್ಲಿ ಕೂತಿದ್ದವನು ಸತ್ಯವಂತನೋ ಲಂಚಕೋರನೋ ಎಂದು ಹೇಳಬಲ್ಲವರಾಗಿದ್ದರು. ಹೊನ್ನಾಳಿಯಲ್ಲಿ ಅದು ಭೂಮಿತಾಯಿಗೆ ಮಾಡುವ ನಮಸ್ಕಾರವಾಗಿತ್ತು; ಬುಡನ್‌ಸಾಬರು ಜೈಲಿನ ಕಲ್ಲುಹಾಸಿನ ಮೇಲೆ ಮಾಡಿದ ಶಪಥವೊಂದು ಅದರ ಹಿಂದಿತ್ತು. ಜಗಳೂರು ಎಲ್ಲಕ್ಕಿಂತ ದೂರವಾದ್ದರಿಂದ ಅಲ್ಲಿನ ಕಂಬಳಿ ವ್ಯಾಪಾರಿಗಳ ಬುಡನ್‌ಸಾಬರು ಆರಡಿ ಎತ್ತರವಿದ್ದರು, ಎದೆಮಟ್ಟ ಗಡ್ಡ ಬಿಟ್ಟಿದ್ದರು. ಅವರು ಅಂಗೈ ಇಟ್ಟ ಕುರ್ಚಿಯಲ್ಲಿ ಯಾವ ಅಧಿಕಾರಿಯೂ ಮೂರು ತಿಂಗಳ ಮೇಲೆ ಕೂರಲಾರ, ವರ್ಗವಾಗಿಯೇ ಹೋಗುತ್ತಾನೆ ಎಂದು ಆ ವ್ಯಾಪಾರಿಗಳು ಆಣೆ ಇಟ್ಟು ಹೇಳುತ್ತಿದ್ದರು.

ನಿಜವಾದ ಬುಡನ್‌ಸಾಬರು ಐದಡಿ ಎರಡಂಗುಲ. ಗಡ್ಡ ಗದ್ದದಿಂದ ಕೆಳಗೆ ಇಳಿದದ್ದಿಲ್ಲ. ಬಲಗಿವಿಯ ಮೇಲೆ ಸದಾ ಒಂದು ಮೊಂಡು ಪೆನ್ಸಿಲ್. ಸಂಸಾರ ಎಂದರೆ ಹೆಂಡತಿ ಇಮಾಮ್‌ಬೀ ಮತ್ತು ಮಗಳು ಮುಮ್ತಾಜ್. ಅವರ ಕೈಯಿಂದ ಬಂದ ತೊಟ್ಟಿಲುಗಳಲ್ಲಿ ಅರ್ಧ ಚನ್ನಗಿರಿ ಮಲಗಿ ಎದ್ದಿತ್ತು. ಒಂದು ತೊಟ್ಟಿಲೂ ಒಂದು ಮಗುವನ್ನೂ ಕೆಡವಿರಲಿಲ್ಲ. ಅದಕ್ಕೆ ಯಾರೂ ಅವರನ್ನು ಹೊಗಳಿರಲಿಲ್ಲ.

ಪುರಾಣ ಹುಟ್ಟಿದ್ದು ಸಾವಿರದ ಒಂಬೈನೂರ ನಲವತ್ತೆರಡರಲ್ಲಿ. ಯುದ್ಧದ ಕಾಲ. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಮೊಳೆ ಇಲ್ಲ, ಗಜ ಬಟ್ಟೆ ಇಲ್ಲ. ಇಂಥ ಹೊತ್ತಿನಲ್ಲಿ ಜನರ ಮನಸ್ಸು ಕುಗ್ಗದಂತೆ ನೋಡಿಕೊಳ್ಳಬೇಕೆಂದು ತಾಲ್ಲೂಕಿನ ಅಮಲ್ದಾರರಿಗೆ ಮೇಲಿನಿಂದ ಒಂದು ಕಾಗದ ಬಂತು. ಅವರು ಬಹಳ ಯೋಚಿಸಿ, ಉಳಿದದ್ದೆಲ್ಲ ಇಲ್ಲದ ಊರಿನಲ್ಲಿ ವಿನೋದವಾದರೂ ಇರಲಿ ಎಂದು ತೀರ್ಮಾನಿಸಿದರು. ಅಡಿಕೆ ವರ್ತಕ ಜಯದೇವಪ್ಪನವರು ತಮ್ಮ ಹಳೆಯ ಮಂಡಿಯನ್ನು ಬಿಟ್ಟುಕೊಟ್ಟು ವಿನೋದ ಸಮಿತಿಯ ಅಧ್ಯಕ್ಷರಾದರು. ತಗಡಿನ ಸೂರು, ನಾಲ್ಕು ಕಿಟಕಿ, ಒಳಗೆಲ್ಲ ಅಡಿಕೆಯ ವಾಸನೆ. ಒಂದು ರೇಡಿಯೋ ಬಂತು. ಎರಡು ಕೇರಂ ಬೋರ್ಡು ಬಂದವು. ಒಂದು ಆನೆ ಕಮ್ಮಿಯಿದ್ದ ಚದುರಂಗದ ಮಣೆ ಬಂತು. ಬಾಗಿಲ ಮೇಲೆ ‘ಯುದ್ಧಕಾಲೀನ ಸಾರ್ವಜನಿಕ ವಿನೋದ ಮಂದಿರ’ ಎಂಬ ಹಲಗೆ ಏರಿತು. ಹನ್ನೆರಡು ಬೆಂಚು ಮಾಡುವ ಕೆಲಸ ಬುಡನ್‌ಸಾಬರಿಗೆ ಸಿಕ್ಕಿತು.

ಆ ವರ್ಷ ಬುಡನ್‌ಸಾಬರಿಗೆ ಅದಕ್ಕಿಂತ ದೊಡ್ಡದೊಂದು ಕೆಲಸ ಕೂಡಿಬಂದಿತ್ತು. ಮುಮ್ತಾಜಳಿಗೆ ಗಂಡು ಗೊತ್ತಾಗಿತ್ತು. ನ್ಯಾಮತಿಯ ಪೊಲೀಸ್ ದಫೇದಾರ್ ಜಮಾಲ್‌ಸಾಬರ ಮಗ. ನಿಖಾ ಮುಂದಿನ ತಿಂಗಳು. ದಫೇದಾರರ ಮನೆಗೆ ಮಗಳನ್ನು ಕೊಡುವುದೆಂದರೆ ಬಡಗಿಯ ಪಾಲಿಗೆ ಅರಮನೆಗೆ ಕೊಟ್ಟ ಹಾಗೆ. ಬುಡನ್‌ಸಾಬರು ಬೆಂಚಿಗೆ ಹತ್ತರಿ ಹಿಡಿಯುವಾಗಲೆಲ್ಲ, ಈ ಬೆಂಚುಗಳು ಎದ್ದು ನಿಂತರೆ ಅಮಲ್ದಾರರ ಬಾಯಲ್ಲಿ ತಮ್ಮ ಹೆಸರು ಬರುತ್ತದೆ, ಅದು ಬೀಗರ ಕಿವಿಗೂ ಬೀಳುತ್ತದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದರು.

ಬೆಂಚು ಎದ್ದವು. ವಾರ್ನಿಷ್ ಬರಲಿಲ್ಲ. ದಾವಣಗೆರೆಗೆ ಹೇಳಿಕಳಿಸಿದರು, ಶಿವಮೊಗ್ಗಕ್ಕೆ ಹೇಳಿಕಳಿಸಿದರು. ವಾರ್ನಿಷೆಲ್ಲ ಯುದ್ಧಕ್ಕೆ ಹೋಗಿದೆ ಎಂಬ ಉತ್ತರ ಬಂತು. ಆರಂಭೋತ್ಸವಕ್ಕೆ ಮೂರು ದಿನ ಉಳಿದಿತ್ತು.

“ಹೊಳೀಬೇಕು ಬುಡನ್‌ಸಾಬ್ರೆ,” ಎಂದರು ಜಯದೇವಪ್ಪನವರು, ಬಿಳಿಚಿಕೊಂಡಿದ್ದ ಬೆಂಚಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ. “ಅಮಲ್ದಾರ್ರು ಕೂತ್ರೆ ಅವರ ಮುಖ ಕಾಣಬೇಕು.”

“ಕೂತ್ಮೇಲೆ ಮುಖ ಎಲ್ಲಿ ಕಾಣತೈತೆ ಸಾಹುಕಾರ್ರೆ? ಅಲ್ಲಿ ಕಾಣೋದು ಬೇರೇನೆ.”

“ತಮಾಷೆ ಸಾಕು. ಏನಾರ ದಾರಿ ಹೇಳ್ರಿ.”

ಹದಿನೇಳರ ಮುಮ್ತಾಜ್ ಮೂಲೆಯಲ್ಲಿ ಕೂತು ಬೆಂಚಿನ ಕಾಲಿಗೆ ಉಪ್ಪುಕಾಗದ ತಿಕ್ಕುತ್ತಿದ್ದಳು. ಮರ ನುಣುಪು ಮಾಡುವುದರಲ್ಲಿ ಅವಳ ಕೈ ಅಪ್ಪನ ಕೈಗಿಂತ ಸಣ್ಣ, ಆದರೆ ಮೇಲು. “ಅಬ್ಬಾ, ಅಗಸೆಎಣ್ಣೆ ಹಚ್ಚಿದ್ರೆ?” ಎಂದಳು.

“ಒಣಗಾಕೆ ಎಂಟು ದಿನ ಬೇಕು ಬೇಟಿ. ನಮ್ಗಿರೋದು ಮೂರು.”

ಜಯದೇವಪ್ಪನವರ ಮುಖ ಇದ್ದಕ್ಕಿದ್ದಂತೆ ಬೆಳಗಿತು. “ಚೊಗರು!” ಎಂದರು.

ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಗಟ್ಟಿ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಅದನ್ನು ಬಳಿದು ಒಣಗಿಸಿದರೆ ಕಳಾಹೀನ ಅಡಿಕೆಯೂ ಮದುಮಗನಂತೆ ಮಿಂಚುತ್ತದೆ. ಚನ್ನಗಿರಿಯ ಪ್ರಪಂಚದಲ್ಲಿ ಹೊಳೆಯುವ ವಸ್ತು ಎಂದರೆ ಅಡಿಕೆ, ಹೊಳಪು ಎಂದರೆ ಚೊಗರು. ಅಡಿಕೆಗೆ ಬರುವ ಹೊಳಪು ಬೆಂಚಿಗೇಕೆ ಬಾರದು? ಬೇರೆ ಊರಿನವರಿಗೆ ಈ ಯೋಚನೆ ಬರುತ್ತಿರಲಿಲ್ಲ. ಇಲ್ಲಿ ಇಬ್ಬರು ಬುದ್ಧಿವಂತರಿಗೆ ಒಟ್ಟಿಗೇ ಬಂತು. ಜಯದೇವಪ್ಪನವರು ತಮ್ಮ ಅಡಿಕೆ ಮನೆಯಿಂದ ಒಂದು ಗಡಿಗೆ ಚೊಗರನ್ನು ತಾವೇ ನಿಂತು ಹೊರಿಸಿ ಕಳಿಸಿದರು. ಬುಡನ್‌ಸಾಬರು ಮೂರು ಸಲ ಬಳಿದರು. ಮೂರನೆಯ ದಿನ ಬೆಳಿಗ್ಗೆ ಹನ್ನೆರಡು ಬೆಂಚುಗಳೂ ಕೆಂಪು ಕನ್ನಡಿಗಳಾಗಿ ಹೊಳೆಯುತ್ತಿದ್ದವು. ಕೈ ಇಟ್ಟು ನೋಡಿದರು, ಒಣಗಿತ್ತು. ಒಣಗಿದ ಚೊಗರು ಅಡಿಕೆಯ ಮೇಲೆ ವರ್ಷಗಟ್ಟಲೆ ಉಳಿಯುವುದನ್ನು ಅವರು ಕಂಡವರೇ. ಅಡಿಕೆಯ ಮೇಲೆ ಯಾರೂ ಎರಡು ಗಂಟೆ ಬೆವರುತ್ತ ಕೂರುವುದಿಲ್ಲ ಎಂಬುದು ಮಾತ್ರ ಹೊಳೆಯಲಿಲ್ಲ.

ಅಕ್ಟೋಬರಿನ ಆ ಮಧ್ಯಾಹ್ನ ಮೋಡ ಮುಚ್ಚಿ ಸೆಕೆ ಕುದಿಯುತ್ತಿತ್ತು. ತಗಡಿನ ಕೆಳಗೆ ಇನ್ನೂರು ಜನ. ಮುಂದಿನ ಬೆಂಚಿನಲ್ಲಿ ಬಿಳಿ ಡ್ರಿಲ್ ಪ್ಯಾಂಟಿನ ಅಮಲ್ದಾರರು. ಅವರ ಎಡಬಲಕ್ಕೆ ಹಾಲಿನಂಥ ಪಂಚೆಯುಟ್ಟ ಗಣ್ಯರು. ಭಾಷಣ ಅರ್ಧ ಗಂಟೆ ಎಂದಿದ್ದದ್ದು ಎರಡು ಗಂಟೆ ಹರಿಯಿತು. ವಿನೋದದಿಂದ ಯುದ್ಧ ಗೆಲ್ಲುವ ಬಗೆಯನ್ನು ಅಮಲ್ದಾರರು ವಿವರಿಸಿದರು. ಬೆವರು ಮೇಲಿನಿಂದ ಕೆಳಗೆ ಹರಿದು ತನ್ನ ಕೆಲಸ ಮಾಡುತ್ತಿತ್ತು. ಕೊನೆಗೆ ಮಹಾರಾಜರ ಗೀತೆಗೆ ಎಲ್ಲರೂ ಎದ್ದು ನಿಂತರು.

ಹಿಂದಿನ ಸಾಲಿನವರು ಮುಂದಿನ ಸಾಲನ್ನು ನೋಡಿದರು. ಅವರ ಹಿಂದಿನವರು ಅವರನ್ನು ನೋಡಿದರು. ತಾಲ್ಲೂಕಿನ ಸಮಸ್ತ ಗೌರವವೂ ಸಾಲಾಗಿ ನಿಂತಿತ್ತು, ಸೊಂಟದಿಂದ ಕೆಳಗೆ ಹಿಂಭಾಗದಲ್ಲಿ ಎರಡೆರಡು ಕೆಂಪು ಪೂರ್ಣಚಂದ್ರರನ್ನು ಹೊತ್ತು. ಗೀತೆ ನಡೆಯುತ್ತಿದ್ದಾಗ ಒಬ್ಬ ಹೆಂಗಸು ಕಿಸಕ್ಕೆಂದಳು. ಆಮೇಲೆ ಮಂಡಿಯ ತಗಡು ಹಾರುವ ಹಾಗೆ ನಗು. ಯಾರೋ ಕಿಲಾಡಿ ಹಿಂದಿನಿಂದ “ಭಾರತ್ ಮಾತಾ ಕೀ ಜೈ!” ಎಂದು ಕೂಗಿಬಿಟ್ಟ.

ಆ ಕೂಗು ಇಲ್ಲದಿದ್ದರೆ ವಿಷಯ ಅಗಸರ ಕಲ್ಲಿನ ಹತ್ತಿರ ಮುಗಿಯುತ್ತಿತ್ತು. ಆದರೆ ಅದು ಚಳವಳಿಯ ವರ್ಷ. ಎರಡು ತಿಂಗಳಿಂದ ಸುತ್ತಲ ಊರುಗಳಲ್ಲಿ ಜನರನ್ನು ಹಿಡಿದು ಒಯ್ಯುತ್ತಿದ್ದರು. ಸಂಜೆಯೊಳಗೆ ಬುಡನ್‌ಸಾಬರು ಠಾಣೆಯಲ್ಲಿದ್ದರು.

“ಯಾವ ಪಾರ್ಟಿ ನಿಂದು?” ಎಂದು ಕೇಳಿದರು ಇನ್‌ಸ್ಪೆಕ್ಟರು.

“ಬಡಗಿ ಸ್ವಾಮಿ.”

“ಯಾರು ಹೇಳಿ ಮಾಡಿಸಿದ್ರು?”

“ಯಾರೂ ಇಲ್ಲ ಸ್ವಾಮಿ. ವಾರ್ನಿಷ್ ಸಿಗಲಿಲ್ಲ. ಚೊಗರು ಸಾಹುಕಾರ್ರೇ ಕೊಟ್ರು, ಕೇಳ್ರಿ ಬೇಕಾದ್ರೆ.”

ಜಯದೇವಪ್ಪನವರನ್ನು ಕರೆಸಿ ಕೇಳಿದರು. ಹೊಸ ಪಂಚೆಯುಟ್ಟು ಬಂದಿದ್ದ ಅವರು ಬುಡನ್‌ಸಾಬರ ಕಡೆ ನೋಡದೆ, ಗೋಡೆಯ ಮೇಲಿನ ಮಹಾರಾಜರ ಪಟ ನೋಡಿಕೊಂಡು ಹೇಳಿದರು: “ನಮ್ಮ ಮನೇಲಿ ಚೊಗರು ಕೇಳ್ದೋರಿಗೆಲ್ಲ ಕೊಡ್ತೀವಿ ಸ್ವಾಮಿ. ಏತಕ್ಕೆ ಅಂತ ಕೇಳೋದಿಲ್ಲ.”

ಈ ಮನುಷ್ಯನ ಮೂವರು ಮಕ್ಕಳ ತೊಟ್ಟಿಲನ್ನು ಬುಡನ್‌ಸಾಬರೇ ಮಾಡಿಕೊಟ್ಟಿದ್ದರು.

ಠಾಣೆಯ ಒಳಗೆ ಅವರ ಮಾತನ್ನು ಯಾರೂ ನಂಬಲಿಲ್ಲ. ಹೊರಗೂ ಅಷ್ಟೆ. ಮರುದಿನ ಕಿಟಕಿಯ ಹತ್ತಿರ ಕೆಲವು ಹುಡುಗರು ಬಂದು ಪಿಸುಗುಟ್ಟಿದರು: “ಹೆದರಬ್ಯಾಡ್ರಿ ಸಾಬ್ರೆ, ಊರೆಲ್ಲ ನಿಮ್ ಹಿಂದೈತೆ. ಏನ್ ಮಾಡಿದ್ರೂ ಬಾಯಿ ಬಿಡಬ್ಯಾಡ್ರಿ.”

“ಬಾಯಿ ಬಿಟ್ಟು ಬಿಟ್ಟು ಗಂಟಲು ಒಣಗೈತೆ ಕಣ್ರಪ್ಪ. ಕೇಳೋರೇ ಇಲ್ಲ.”

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಎಂಥ ಗಟ್ಟಿ ಮನುಷ್ಯ ಎಂದು ತಲೆದೂಗಿದರು. ಬುಡನ್‌ಸಾಬರಿಗೆ ಜೈಲಿನ ಭಯ ಅಷ್ಟಾಗಿ ಇರಲಿಲ್ಲ. ನ್ಯಾಮತಿಯ ಭಯವಿತ್ತು. ದಫೇದಾರ್ ಜಮಾಲ್‌ಸಾಬರಿಗೆ ಈಗಾಗಲೇ ಸುದ್ದಿ ಮುಟ್ಟಿರುತ್ತದೆ. ಸರ್ಕಾರದ ಅನ್ನ ತಿನ್ನುವವನು ರಾಜದ್ರೋಹಿಯ ಮಗಳನ್ನು ಸೊಸೆಯಾಗಿ ತರುತ್ತಾನೆಯೇ? ಹಾಸಿದ್ದ ಗೋಣಿಯ ಮೇಲೆ ಕೂತು ಅವರು ತಮ್ಮ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಬೆಂಚಿನ ಮೇಲೆ ಈ ಕೈಯನ್ನು ಇಟ್ಟಿದ್ದೆ. ಇಟ್ಟಿದ್ದೆ ಅಷ್ಟೆ. ಒತ್ತಿ ಉಜ್ಜಿದ್ದರೆ ಗೊತ್ತಾಗುತ್ತಿತ್ತು.

ಐದನೆಯ ದಿನ ಇಮಾಮ್‌ಬೀ ತಾಲ್ಲೂಕು ಕಚೇರಿಗೆ ನಡೆದು ಬಂದಳು. ತಲೆಯ ಮೇಲೆ ಉಳಿದ ಚೊಗರಿನ ಗಡಿಗೆ, ಕಂಕುಳಲ್ಲಿ ಮೊದಲೇ ಬಳಿದು ಒಣಗಿಸಿದ ಒಂದು ಹಲಗೆ, ಜೊತೆಗೆ ಗಂಡನ ಬಿಳಿ ಪೈಜಾಮ. “ಅದು ಹೆಂಗೆ ಆತು ಅಂತ ಅವರೇ ತೋರಿಸ್ತಾರೆ, ನೋಡ್ರಿ ಸ್ವಾಮಿ,” ಎಂದು ಅಮಲ್ದಾರರ ಮುಂದೆ ಎಲ್ಲವನ್ನೂ ಇಳಿಸಿದಳು.

ಹೀಗೆ ಕಚೇರಿಯ ಅಂಗಳದಲ್ಲಿ, ಬಿಸಿಲಿನಲ್ಲಿ, ಹಲಗೆಯ ಮೇಲೆ ಬುಡನ್‌ಸಾಬರ ತಪಸ್ಸು ನಡೆಯಿತು. ಒಂದು ಗಂಟೆ ಕಾಲ ಕೂತು ಬೆವರಬೇಕೆಂದು ಆಜ್ಞೆಯಾಗಿತ್ತು. ಅಷ್ಟು ಹೊತ್ತೂ ಊರು ಕಾಂಪೌಂಡಿನ ಗೋಡೆಯ ಮೇಲೆ ಸಾಲಾಗಿ ಕೂತಿತ್ತು. ವೇಳೆ ಮುಗಿದ ಮೇಲೆ ಅವರು ಎದ್ದು, ತಿರುಗಿ ನಿಂತು, ತಮ್ಮ ನಿರಪರಾಧಿತ್ವವನ್ನು ಸರ್ಕಾರಕ್ಕೆ ತೋರಿಸಿದರು. ಅಮಲ್ದಾರರು ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದರು. ಗುಮಾಸ್ತ ಬರೆದುಕೊಂಡ: ‘ಪರಿಶೀಲಿಸಲಾಗಿ, ಕೆಂಪು.’

“ಹಂಗಾರೆ ಇದು ಬಣ್ಣ ಬಿಡ್ತದೆ ಅಂತ ನಿನಗೆ ಗೊತ್ತಿತ್ತು?” ಎಂದರು ಅಮಲ್ದಾರರು.

“ಗೊತ್ತಿದ್ರೆ ಮೊದ್ಲು ನಾನೇ ಕೂತು ನೋಡ್ತಿದ್ದೆ ಸ್ವಾಮಿ.”

ಅಮಲ್ದಾರರು ಆ ಮುಖವನ್ನು ನೋಡಿದರು. ಮೂವತ್ತು ವರ್ಷ ಊರಿಗೆಲ್ಲ ಬಾಗಿಲು, ನೇಗಿಲು, ತೊಟ್ಟಿಲು ಮಾಡಿದವನ ಮುಖ ಅದು. ಬಿಸಿಲಿಗೋ ಬೇರೆ ಯಾವುದಕ್ಕೋ ಕಣ್ಣು ಕೆಂಪಾಗಿದ್ದವು. ಅವರು ಕಡತ ತರಿಸಿ ತಮ್ಮ ಕೈಯಾರೆ ತೀರ್ಪು ಬರೆದರು: ‘ಈತ ದ್ರೋಹಿಯಲ್ಲ, ದಡ್ಡ. ಹನ್ನೆರಡು ಬೆಂಚುಗಳನ್ನೂ ಈತನೇ ಹೆರೆದು ಸರಿಮಾಡತಕ್ಕದ್ದು.’

ಬಿಡುಗಡೆಯಾದ ಮೂರನೆಯ ದಿನ ದಫೇದಾರ್ ಜಮಾಲ್‌ಸಾಬರು ಸಮವಸ್ತ್ರದಲ್ಲೇ ಬಂದರು. ಬುಡನ್‌ಸಾಬರು ತೀರ್ಪಿನ ನಕಲನ್ನು ಹೆಮ್ಮೆಯಿಂದ ಮುಂದೆ ಇಟ್ಟರು. “ನೋಡ್ರಿ ದಫೇದಾರ್ ಸಾಬ್ರೆ, ದ್ರೋಹಿ ಅಲ್ಲ ಅಂತ ಸರ್ಕಾರನೇ ಬರೆದೈತೆ.”

ದಫೇದಾರರು ನಿಧಾನವಾಗಿ ಓದಿದರು. “ಮುಂದ್ಲ ಮಾತೂ ಬರೆದೈತಲ್ಲ,” ಎಂದರು. “ದ್ರೋಹಿ ಆಗಿದ್ರೆ ನನ್ ನೌಕ್ರಿ ಹೋಗ್ತಿತ್ತು. ದಡ್ಡ ಅಂದ್ರೆ ಮರ್ಯಾದೆ ಹೋಗತೈತೆ. ಹೊನ್ನಾಳಿ ಸ್ಟೇಷನ್ನಾಗೆ ಈಗ್ಲೇ ಕೇಳಾಕೆ ಹತ್ಯಾರೆ, ಏನ್ ದಫೇದಾರ್ರೆ, ಬೀಗರು ಪೈಜಾಮ ತೋರ್ಸಿದ್ರಂತೆ ಅಂತ. ಈ ಸಂಬಂಧ ಬ್ಯಾಡ ಬುಡನ್‌ಸಾಬ್.”

ಕೊಟ್ಟ ಚಹಾ ಕುಡಿಯದೆ ಅವರು ಎದ್ದು ಹೋದರು. ಒಳಕೋಣೆಯಿಂದ ಉಪ್ಪುಕಾಗದ ತಿಕ್ಕುವ ಸದ್ದು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

ಅಪ್ಪ ಮಗಳು ಸೇರಿ ಗಾಜಿನ ಚೂರಿನಿಂದ ಆ ಹನ್ನೆರಡು ಬೆಂಚುಗಳನ್ನು ಹದಿನೇಳು ದಿನ ಹೆರೆದರು. ಮುಮ್ತಾಜ್ ಅಗಸೆಎಣ್ಣೆ ಹಚ್ಚಿದಳು. ಎಂಟು ದಿನ ಒಣಗಿಸಿದರು. ಈಗ ಬೆಂಚು ನಿಜಕ್ಕೂ ಹೊಳೆದವು, ತೊಟ್ಟು ಬಣ್ಣ ಬಿಡಲಿಲ್ಲ. ಆದರೂ ವಿನೋದಕ್ಕೆ ಬಂದವರೆಲ್ಲ ಮೊದಲು ಹೆಗಲ ಮೇಲಿನ ವಸ್ತ್ರ ಹಾಸಿ, ಆಮೇಲೆ ಕೂರುತ್ತಿದ್ದರು. ಸಂಜೆ ಬಾಗಿಲಲ್ಲಿ ನಿಂತ ಬುಡನ್‌ಸಾಬರು ಒಂದೊಂದು ವಸ್ತ್ರ ಹಾಸಿದಾಗಲೂ ಎಲ್ಲೋ ಒಂದು ಮೊಳೆ ಹೊಡೆದ ಹಾಗೆ ಕಣ್ಣು ಮುಚ್ಚುತ್ತಿದ್ದರು. ಕೂರುವ ಮುನ್ನ ಒತ್ತಿ ಉಜ್ಜಿ ಅಂಗೈ ನೋಡಿಕೊಳ್ಳುವ ಅಭ್ಯಾಸ ಅವರಿಗೆ ಅಂಟಿಕೊಂಡದ್ದು ಆಗಲೇ.

ವಿನೋದ ಮಂದಿರದ ಮುಂದಿನ ಚರಿತ್ರೆಯಲ್ಲಿ ವಿನೋದ ಕಮ್ಮಿ. ಮರುವರ್ಷ ಅರ್ಧ ಮಂದಿರಕ್ಕೆ ರೇಷನ್ ರಾಗಿಯ ಚೀಲ ಬಂದವು. ಕೇರಂ ಆಡುವವರು ಹೆಗ್ಗಣಗಳಿಗೆ ದಾರಿ ಬಿಟ್ಟು ಆಡಬೇಕಾಯಿತು. ರಾಗಿಗೆ ಕಾದು ಕೂತ ಹೆಂಗಸರ ಸೀರೆಗಳು ಆ ಬೆಂಚುಗಳನ್ನು ಇನ್ನಷ್ಟು ನಯ ಮಾಡಿದವು. ರೇಡಿಯೋ ಬ್ಯಾಟರಿ ಸತ್ತಿತು. ಯುದ್ಧ ಮುಗಿದ ಮೇಲೆ ಹಲಗೆಯ ಮೇಲಿನ ‘ಯುದ್ಧಕಾಲೀನ’ ಎಂಬ ಪದಕ್ಕೆ ಸುಣ್ಣ ಬಳಿದರು. ಮಳೆ ಬಂದಾಗಲೆಲ್ಲ ಅದು ಮತ್ತೆ ಕಾಣುತ್ತಿತ್ತು.

ಈ ನಡುವೆ ಮುಮ್ತಾಜಳಿಗೆ ಮೂರು ಗಂಡು ಬಂದು ಹೋದವು. ಎಲ್ಲರೂ ಆ ಪೈಜಾಮದ ಸುದ್ದಿ ಕೇಳಿಕೊಂಡೇ ಬಂದಿದ್ದರು, ನಗು ಅದುಮಿಕೊಂಡೇ ಎದ್ದರು. ಅವಳಿಗೆ ಇಪ್ಪತ್ತೆರಡು ತುಂಬಿತು.

ಆಮೇಲೆ ಸ್ವಾತಂತ್ರ್ಯ ಬಂತು. ಬುಡನ್‌ಸಾಬರ ಹಿಂಭಾಗದ ಅರ್ಥ ಒಂದೇ ದಿನದಲ್ಲಿ ಬದಲಾಯಿತು. ಬಿಳಿಯರ ಸರ್ಕಾರದ ಮುಖಕ್ಕೆ ಮಸಿ ಬಳಿಯಲು ಎಲ್ಲರೂ ಯೋಚಿಸುತ್ತಿದ್ದಾಗ, ಮುಖ ಬಿಟ್ಟು ಬೇರೆ ಕಡೆ ಬಳಿದ ಏಕೈಕ ವೀರ! ಸುದ್ದಿ ಹೊನ್ನಾಳಿಗೆ ಹರಿಯಿತು, ಜಗಳೂರಿಗೆ ಏರಿತು. ಅಂಗೈ ನೋಡಿಕೊಳ್ಳುವುದಕ್ಕೂ ಶಪಥ, ನಮಸ್ಕಾರ, ಶಾಪ ಎಂಬ ಅರ್ಥಗಳು ಹುಟ್ಟಿದವು. ಮೊದಲನೆಯ ವರ್ಷದ ಸ್ವಾತಂತ್ರ್ಯೋತ್ಸವವನ್ನು ಮಂದಿರದಲ್ಲೇ ಮಾಡಿ, ಅಲ್ಲಿ ಬುಡನ್‌ಸಾಬರಿಗೆ ಸನ್ಮಾನ ಎಂದು ನಿಶ್ಚಯವಾಯಿತು. ಏರ್ಪಾಡೆಲ್ಲ ಜಯದೇವಪ್ಪನವರದು. ಅವರಿಗೀಗ ಖಾದಿ ಬಂದಿತ್ತು, ಪುರಸಭೆಯ ಅಧ್ಯಕ್ಷತೆಯ ಆಸೆ ಬಂದಿತ್ತು. ಆ ಗಡಿಗೆ ಚೊಗರು ಕೊಟ್ಟದ್ದು ತಾವೇ ಎಂಬ ನೆನಪೂ ಬಂದಿತ್ತು.

“ಇಬ್ರೂ ಸೇರಿ ಗುಟ್ಟಾಗಿ ಮಾಡಿದ್ವಿ ಅಂತ ನಾ ಹೇಳ್ತೀನಿ,” ಎಂದರು ಮನೆಗೆ ಬಂದು. “ನೀವು ಹೂಂ ಅಂದ್ರೆ ಸಾಕು. ಕಾಲ ಚೆನ್ನಾಗಿಲ್ಲ ಸಾಬ್ರೆ. ಬಸ್ಸಿನಾಗೆ ಟೋಪಿ ಕಂಡ್ರೆ ಜನ ಎರಡೆರಡು ಸಲ ನೋಡ್ತಾರೆ. ದೇಶಕ್ಕೆ ಜೈಲು ಕಂಡೋನು ಅನ್ನೋ ಹೆಸರು ನಿಮಗೂ ಒಂದು ಆಸರೆ.”

ಅದೇ ಸಂಜೆ ಇನ್ನೊಬ್ಬರು ಬಂದರು. ನಿವೃತ್ತ ದಫೇದಾರ್ ಜಮಾಲ್‌ಸಾಬರು, ಕೈಯಲ್ಲಿ ಒಂದು ಬುಟ್ಟಿ ಹಣ್ಣು. ಯುದ್ಧಕ್ಕೆ ಲಾರಿ ಓಡಿಸಲು ಹೋಗಿದ್ದ ಮಗ ಹಿಂದಿರುಗಿದ್ದ, ಇನ್ನೂ ಮದುವೆಯಾಗಿರಲಿಲ್ಲ. “ಆಗ ಸರ್ಕಾರದ ಉಪ್ಪು ತಿಂತಿದ್ದೆ, ಏನೋ ಅಂದೆ. ದೇಶಭಕ್ತರ ಮನೆ ಹೆಣ್ಣು ಅಂದ್ರೆ ಈಗ ನಮಗೇ ಮರ್ಯಾದೆ. ನಾಳೆ ಸಭೇಲಿ ಅವರು ಹೇಳೋದಕ್ಕೆ ನೀವು ಹೂಂ ಅನ್ರಿ. ಶುಕ್ರವಾರ ನಾನು ಮಾತು ಮುಗಿಸ್ತೀನಿ.”

ಅವರು ಹೋದ ಮೇಲೆ ಇಮಾಮ್‌ಬೀ ಗಂಡನ ಎದುರು ಕೂತಳು. “ಹೂಂ ಅನ್ನಾಕೆ ಏನ್ ಕಷ್ಟ ನಿಮ್ಗೆ? ಆರು ವರ್ಷ ಇಲ್ಲ ಇಲ್ಲ ಅಂದ್ರಿ, ಏನ್ ಸಿಕ್ತು? ನಾಳೆ ಒಂದ್ ಸಲ ಹೂಂ ಅನ್ರಿ. ನಿಮಗೋಸ್ಕರ ಬ್ಯಾಡ, ಅವಳಿಗೋಸ್ಕರ.”

ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ. ಪಡಸಾಲೆಯಲ್ಲಿ ಮುಮ್ತಾಜ್ ಯಾರದೋ ಮನೆಯ ತೊಟ್ಟಿಲಿಗೆ ಎಣ್ಣೆ ಹಚ್ಚುತ್ತಿದ್ದಳು. ಬುಡನ್‌ಸಾಬರು ಹೋಗಿ ಪಕ್ಕದಲ್ಲಿ ನಿಂತರು.

“ನೀನೇನಂತಿ ಬೇಟಿ?”

ಮುಮ್ತಾಜ್ ಕೈ ನಿಲ್ಲಿಸಲಿಲ್ಲ. “ಅವರು ಮೊದ್ಲು ಬಂದಾಗ ನಿಮ್ ಕಡತ ಓದಿ ಹೋದ್ರು. ಈಗ ನಿಮ್ ಸನ್ಮಾನ ಕೇಳಿ ಬಂದ್ರು. ನನ್ನ ನೋಡಾಕೆ ಇನ್ನೂ ಬಂದಿಲ್ಲ ಅಬ್ಬಾ.”

“ನಾಳೆ ನಾನು ಇಲ್ಲ ಅಂದ್ರೆ ಮತ್ತೆ ಬರೋದೂ ಇಲ್ಲ.”

“ಸರ್ಕಾರ ಮತ್ತೆ ಬದಲಾದ್ರೆ ಬರ್ತಾರೆ ಬಿಡ್ರಿ,” ಎಂದಳು. ನಗುತ್ತಲೇ ಎಂದಳು, ಆದರೆ ತೊಟ್ಟಿಲಿನ ಒಂದೇ ಜಾಗವನ್ನು ಬಹಳ ಹೊತ್ತು ತಿಕ್ಕುತ್ತಿದ್ದಳು.

ಮರುದಿನ ಮಂದಿರ ಕಿಕ್ಕಿರಿದಿತ್ತು. ಮುಂದಿನ ಬೆಂಚಿನಲ್ಲಿ ದಫೇದಾರ್ ಜಮಾಲ್‌ಸಾಬರು ಹೊಸ ಶೇರ್ವಾನಿಯಲ್ಲಿದ್ದರು; ಕೂರುವ ಮುನ್ನ ಮರೆಯದೆ ಕರವಸ್ತ್ರ ಹಾಸಿಕೊಂಡಿದ್ದರು. ಹಿಂದೆ ಹೆಂಗಸರ ಸಾಲಿನಲ್ಲಿ ಇಮಾಮ್‌ಬೀ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಪಕ್ಕದಲ್ಲಿ ಮುಮ್ತಾಜ್. ಅವಳು ಏನನ್ನೂ ಹಾಸಿಕೊಂಡಿರಲಿಲ್ಲ.

ಜಯದೇವಪ್ಪನವರ ಭಾಷಣ ಮೊದಲಾಯಿತು. ಅದರಲ್ಲಿ ಗುಪ್ತ ಸಭೆಗಳು ನಡೆದವು. ಪ್ರಾಣದ ಹಂಗು ತೊರೆದು ಇಬ್ಬರು ದೇಶಭಕ್ತರು ಕತ್ತಲಲ್ಲಿ ಗಡಿಗೆ ಸಾಗಿಸಿದರು. ಇಂಗ್ಲೆಂಡಿನ ಸಿಂಹಾಸನ ಚನ್ನಗಿರಿಯ ಬೆಂಚಿನ ಮೇಲೆ ನಡುಗಿತು. ಜನ ಚಪ್ಪಾಳೆ ತಟ್ಟಿ ತಟ್ಟಿ ಸುಸ್ತಾದರು. ವೇದಿಕೆಯ ಮೇಲಿನ ದೊಡ್ಡ ಕುರ್ಚಿಯನ್ನು ತೋರಿಸಿ, ಕೂರಬೇಕೆಂದು ಕೇಳಿಕೊಂಡರು. ಬುಡನ್‌ಸಾಬರು ಬಗ್ಗಿ ಕುರ್ಚಿಯನ್ನು ಒತ್ತಿ ಉಜ್ಜಿದರು. ಅಂಗೈ ಎತ್ತಿ ಬೆಳಕಿಗೆ ಹಿಡಿದರು. ಮಂದಿರ ಉಸಿರು ಬಿಗಿಹಿಡಿದು ನೋಡಿತು. ಆಮೇಲೆ ತಗಡು ಹಾರುವ ಹಾಗೆ ಜಯಘೋಷ.

ಅವರು ಕೂರಲಿಲ್ಲ. ನಿಂತೇ ಇದ್ದರು.

ಜಯದೇವಪ್ಪನವರು ಹಾರವನ್ನು ಎರಡೂ ಕೈಯಲ್ಲಿ ಹಿಡಿದು, ಇಡೀ ಸಭೆಗೆ ಕೇಳುವಂತೆ ಕೇಳಿದರು: “ಆ ದಿನ ಚೊಗರು ಬಳಿಯುವಾಗ ತಮ್ಮ ಮನಸ್ಸಿನಲ್ಲಿ ಏನಿತ್ತು? ಜನಕ್ಕೆ ಒಂದು ಮಾತು ಹೇಳ್ರಿ ಬುಡನ್‌ಸಾಬ್ರೆ.”

ಬುಡನ್‌ಸಾಬರು ದಫೇದಾರರ ಶೇರ್ವಾನಿ ನೋಡಿದರು. ಹೆಂಡತಿಯ ಸೆರಗು ನೋಡಿದರು. ಮಗಳನ್ನು ನೋಡಿದರು. ಅವಳು ತಾನು ಹೊಳಪು ಕೊಟ್ಟಿದ್ದ ಬೆಂಚಿನ ಮೇಲೆ ಅಂಗೈ ಊರಿ ನೆಟ್ಟಗೆ ಕೂತಿದ್ದಳು. ಬುಡನ್‌ಸಾಬರು ಕಿವಿಯ ಮೇಲಿನ ಪೆನ್ಸಿಲ್ ಸರಿಮಾಡಿಕೊಂಡರು.

“ವಾರ್ನಿಷ್ ಸಿಗಲಿಲ್ಲ ಸಾಹುಕಾರ್ರೆ,” ಎಂದರು. “ಚೊಗರು ಒಣಗಿದ್ಮೇಲೆ ಬಣ್ಣ ಬಿಡಲ್ಲ ಅಂದ್ಕೊಂಡಿದ್ದೆ.”